ನುಚ್ಚಿನ ಹೆಸರು

ಮುನಿರಾಬಾದಿನ ನಮ್ಮ ಮನೆಯಲ್ಲಿ ಮೊನ್ನೆ ಮೆಕ್ಕೆಜೋಳದ ನುಚ್ಚು ಬೆಂದಿತ್ತು. ತಾಟಿಗೆ ಮಜ್ಜಿಗೆ ಸುರಿದುಕೊಳ್ಳುತ್ತಿರಲು ನನ್ನ ಹಳೆಯ ತಪ್ಪೊಂದು ನೆನಪಾಯಿತು.

ಉಪಾಧ್ಯಾಯನಾಗಿದ್ದಾಗ ಊಟವನ್ನು ಕುರಿತ ಪ್ರಬಂಧದಲ್ಲಿ ಹುಡುಗನೊಬ್ಬನು ‘ನುಚ್ಚು ಉಂಡೆವು’ ಎಂದು ಬರೆದಿದ್ದನು. ಸಂಸ್ಕೃತ ಬಲ್ಲೆನೆಂಬ ಹಮ್ಮಿನಿಂದ ನಾನು ಅದನ್ನು ಗ್ರಾಮ್ಯವೆಂದು ಹೊಡೆದುಹಾಕಿ ‘ಗಂಜಿ’ ಎಂದು ತಿದ್ದಿದೆನು. “ಗಂಜಿ ಬ್ಯಾರೆ ಐತ್ರಿ ಸರ, ಅದು ತೆಳ್ಳಗಿರತೈತಿ” ಎಂದನು. ಗದರಿಸಿ ಕುಳ್ಳಿರಿಸಿದೆನು.

ಹುಡುಗನೇ ಸರಿ. ನುಚ್ಚೆಂದರೆ ಒಡೆದ ಕಾಳು. ಅದರಿಂದಾದ ಅಡಿಗೆಗೂ ಅದೇ ಹೆಸರು. ಇಟಲಿಯವರ ‘ಪೊಲೆಂಟ’ವನ್ನು ನೋಡಿರಿ. ಪ್ರಾಚೀನ ರೋಮನರಿಗೆ ಅದು ಜವೆಗೋದಿಯದು. 1492ರ ತರುವಾಯ ಅಮೆರಿಕದ ಮೆಕ್ಕೆಜೋಳವು ಯೂರೋಪಿಗೆ ಬರಲು, ಕಾಲಕ್ರಮದಲ್ಲಿ ಹಳೆಯ ಹೆಸರೇ ಹೊಸ ಕಾಳಿನ ಅಡಿಗೆಗೆ ಸಂದಿತು. ಕಾಳಿಗೆ ಮಾತ್ರ ಅವರು ‘ತುರ್ಕಿಯ ಧಾನ್ಯ’ವೆಂದರು, ತುರ್ಕಿಯು ಅದರ ತವರೇ ಅಲ್ಲ! ರುಮೇನಿಯದವರು ಅದೇ ಅಡಿಗೆಯನ್ನು ‘ಮಮಲಿಗ’ ಎನ್ನುವರು. ಪೋರ್ತುಗೀಜರು ಬರಗಿನ ಹೆಸರನ್ನೇ ಹೊಸ ಕಾಳಿಗೆ ಕೊಟ್ಟರು. ನಾವಾದರೂ ಜೋಳದ ಹೆಸರನ್ನು ಕೊಡಲಿಲ್ಲವೆ? ಇಲ್ಲಿ ಮೆಕ್ಕೆಜೋಳ, ಧಾರವಾಡದ ಕಡೆ ಗೋವಿನಜೋಳ. ಅಷ್ಟೇಕೆ, ಸಂಸ್ಕೃತದಲ್ಲಿ ಜೋಳವು ‘ಯವನಾಲ’. ಯವವೆಂದರೆ ಮತ್ತೆ ಆ ಜವೆಗೋದಿಯೇ. ದೇವಭಾಷೆಯೂ ಹಳೆಯ ಕಾಳಿನ ಹೆಸರನ್ನು ಕಡ ತಂದಿರುವಾಗ, ಮನೆಯ ಮಾತನ್ನು ಮನೆಯದೆಂದೇ ಬರೆದವನನ್ನು ನಾನು ಗದರಿಸಿದೆನು.

ಆ ಹುಡುಗನು ಈಗ ಎಡದಂಡೆ ಕಾಲುವೆಯ ಕೆಳಗೆ ಕಮತ ಮಾಡುತ್ತಾನೆ. ಅಂದು ಸಂಜೆ ಎದುರಾಗಿ, “ಊಟ ಆತೇನ್ರಿ ಸರ?” ಎಂದನು.

“ನುಚ್ಚು ಉಂಡೆನಪ್ಪಾ” ಎಂದೆನು.

ಅವನಿಗೆ ನೆನಪಿತ್ತೋ ಇಲ್ಲವೋ, ನಕ್ಕನು.