ಒಡತಿ ಪಾರಾದಳು

ಮಾಟವೆಂದರೆ ನಮ್ಮ ಕಡೆಯ ಭಾನಾಮತಿಯೊಂದೇ ಎಂದುಕೊಂಡಿದ್ದ ನಮಗೆ, ಐರ್ಲೆಂಡಿನ ಕಿಲ್ಕೆನ್ನಿ ಪಟ್ಟಣದ ವೃತ್ತಾಂತ ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. 1324ರಲ್ಲಿ ಅಲ್ಲಿನ ಸಿರಿವಂತೆ ಆಲಿಸ್ ಕೈಟೆಲರ್ ಮೇಲೆ ಮಾಟದ ಆರೋಪ ಬಂತು. ನಾಲ್ಕು ಮದುವೆಯಾದವಳು, ಗಂಡಂದಿರನ್ನು ಕೊಂದಳೆಂದು ದೂರಿತ್ತವರು ಮಲಮಕ್ಕಳು. (ಆಸ್ತಿಯ ವಾಸನೆ ನಮ್ಮ ಮೂಗಿಗೂ ಬಡಿಯಿತೆನ್ನಿ!) ವಿಚಾರಣೆಗೆ ಹಟ ಹಿಡಿದವರು ಬಿಷಪ್ ಲೆಡ್ರೆಡ್. ಪ್ರಭಾವಿ ನೆಂಟರಿದ್ದ ಆಲಿಸ್ ತಪ್ಪಿಸಿಕೊಂಡಳು. ಅವಳ ಮಗ ವಿಲಿಯಂ ಔಟ್‌ಲಾಗೆ ವಿಧಿಸಿದ ಪ್ರಾಯಶ್ಚಿತ್ತಗಳಲ್ಲೊಂದು, ಇಗರ್ಜಿಯ ಮಾಡಿಗೆ ಸೀಸ ಹೊದಿಸುವುದು. ಮನೆಗೆಲಸದ ಪೆಟ್ರೊನಿಲ್ಲಾಳ ಬಳಿ ಸೀಸವೆಲ್ಲಿ? ಚಾಟಿಯೇಟು ತಿಂದು ತಪ್ಪೊಪ್ಪಿದಳು. ನವೆಂಬರ್ 3ರಂದು ಅವಳನ್ನು ಸುಟ್ಟರು.

ಹೋದ ತಿಂಗಳು ಮನೆಯಲ್ಲಿ ಬೆಳ್ಳಿ ಉದ್ಧರಣೆ ಕಾಣದಾದಾಗ ನಾವು ಮೊದಲು ಕೇಳಿದ್ದು ಕೆಲಸದಾಕೆಯನ್ನೇ. ಅದು ದೇವರ ಪೆಟ್ಟಿಗೆಯ ಹಿಂದೆ ಬಿದ್ದಿತ್ತು.