ಏಡಿಗಳೂ ಎರಡು ಪರ್ಸೆಂಟೂ

ಎಂಎಲ್ ಲ್ಯಾಬಲ್ಲಿ ನಂಗೆ ಸಿಕ್ಕಿದ್ದು ಏಡಿಗಳ ಡೇಟಾ. ಆಸ್ಟ್ರೇಲಿಯಾದ 200 ಏಡಿ, ನೀಲಿ-ಕಿತ್ತಳೆ ಎರಡು ಬಗೆ, ತಲಾ 5 ಅಳತೆ. ಪಿಸಿಎ ಮಾಡಿದೆ. ಮೊದಲ ಘಟಕದಲ್ಲೇ ಶೇ. 98ರಷ್ಟು ವ್ಯತ್ಯಾಸ! ಉಳಿದದ್ದನ್ನ ಕಸ ಅಂತ ಬಿಸಾಕಿದೆ.

ವೈವಾದಲ್ಲಿ ಮೇಡಂ, "ಇದ್ರಲ್ಲಿ ನೀಲಿ ಯಾವುದು, ಕಿತ್ತಳೆ ಯಾವುದು?" ಅಂದ್ರು. ಪ್ಲಾಟ್ ನೋಡಿದ್ರೆ ಕಲಸುಮೇಲೋಗರ. ನಾನು ಹಿಡಿದಿದ್ದು ಬರೀ ಗಾತ್ರ. ದೊಡ್ಡ ಏಡಿಗೆ ಎಲ್ಲಾ ಅಳತೆಯೂ ದೊಡ್ಡದೇ ತಾನೆ?

ರಾತ್ರಿ ಹಾಸ್ಟೆಲಲ್ಲಿ ಮತ್ತೆ ಕೂತೆ. ಚಿಪ್ಪಿನ ಉದ್ದದಿಂದ ಭಾಗಿಸಿದ್ರೆ ಸಾಕು ಅಂದ್ಕೊಂಡೆ. ಸಾಲಲಿಲ್ಲ: ಏಡಿ ಬೆಳೆದ ಹಾಗೆ ಅನುಪಾತವೇ ಬದಲಾಗತ್ತೆ. ಲಾಗ್ ತಗೊಂಡು, ಗಾತ್ರದ ಮೇಲೆ ರಿಗ್ರೆಶನ್ ಹಾಕಿ, ಉಳಿದ ರೆಸಿಡ್ಯುಯಲ್‌ಗಳನ್ನ ನೋಡಿದೆ. ಹೆಣ್ಣೇಡಿಗಳ ಹಿಂಬದಿ ಅಗಲ ಎದ್ದು ಕಂಡಿತು. ಬಣ್ಣಗಳೂ ಬೇರೆಯಾದವು. ಎಲ್ಲಾ ನಾನು ಬಿಸಾಕಿದ್ದ ಆ ಎರಡು ಪರ್ಸೆಂಟಿನಲ್ಲೇ ಇತ್ತು.

ವೈವಾ ಮಾರ್ಕ್ಸ್ ಮಾತ್ರ ವಾಪಸ್ ಬರಲಿಲ್ಲ.