ತಂಗಿಯ ಅಂಕ, ಉಪ್ಪನ ಜಾಗ

2024ರ ನೀಟ್ ಫಲಿತಾಂಶ ಬಂದ ದಿನ ಅಕ್ಕಲಕೋಟೆಯ ನಮ್ಮ ಅಂಗಡಿಗೆ ಬಂದವರಿಗೆಲ್ಲ ಉಪ್ಪ ಸಿಹಿ ಕೊಟ್ಟರು. ಅಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರೇ ನಮ್ಮ ಗಿರಾಕಿಗಳು. ತಂಗಿಗೆ 720ಕ್ಕೆ 497 ಅಂಕ ಬಂದಿತ್ತು. ಕ್ವಾಲಿಫೈ ಆದಳೆಂದರೆ ಡಾಕ್ಟರ್ ಆದಂತೆಯೇ ಎಂದು ನಾವು ತಿಳಿದಿದ್ದೆವು.

ಆ ವರ್ಷ ಪರೀಕ್ಷೆ ಬರೆದವರು 23 ಲಕ್ಷಕ್ಕೂ ಹೆಚ್ಚು, ಕ್ವಾಲಿಫೈ ಆದವರು 13 ಲಕ್ಷಕ್ಕೂ ಹೆಚ್ಚು. ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟುಗಳಿದ್ದದ್ದು ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ. 1963ರಲ್ಲಿ ಶುರುವಾದ ಸೊಲ್ಲಾಪುರದ ಸರ್ಕಾರಿ ಮೆಡಿಕಲ್ ಕಾಲೇಜು ಮನೆಯಿಂದ ಒಂದು ಗಂಟೆಯ ದಾರಿ. ಆದರೆ ತಂಗಿಯ ರ‍್ಯಾಂಕಿಗೆ ಅದು ಬಹಳ ದೂರವಿತ್ತು.

ಆಗಲೇ ಸೊಲ್ಲಾಪುರದ ಒಬ್ಬ ಏಜೆಂಟ್ ಗಂಟುಬಿದ್ದ. ಮೊದಲು ಐದು ಲಕ್ಷ ಕೊಡಿ, ಸೀಟು ನನ್ನ ಜವಾಬ್ದಾರಿ ಎಂದ. ಬಂಟ್ವಾಳದ ಕಡೆ ಮನೆ ಕಟ್ಟಲೆಂದು ಇಟ್ಟುಕೊಂಡಿದ್ದ ಎಂಟು ಸೆಂಟ್ಸ್ ಜಾಗ ಮಾರಲು ಉಪ್ಪ ತಯಾರಾದರು. ರಾತ್ರಿ ತಂಗಿ ನನ್ನ ಹತ್ತಿರ ಬಂದು, "ಕಾಕ, ನನ್ನ ಸೀಟಿಗೆ ಆ ಜಾಗ ಹೋದರೆ ಉಮ್ಮನಿಗೆ ಊರಲ್ಲಿ ಮನೆ ಎಲ್ಲಿ?" ಎಂದು ಅತ್ತಳು.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಮೆಷಿನ್ ನಿಂತರೆ ಮೊದಲು ಮ್ಯಾನುವಲ್ ತೆಗೆಯುವುದು ಅಭ್ಯಾಸ. ಹಾಗೆಯೇ ಪ್ರವೇಶದ ಕೈಪಿಡಿ ಹಿಡಿದು ಕುಳಿತೆ. ಮ್ಯಾನೇಜ್‌ಮೆಂಟ್ ಸೀಟಿಗೂ ನೀಟ್ ಅರ್ಹತೆ ಬೇಕು, ಕೌನ್ಸೆಲಿಂಗ್‌ಗೆ ನೋಂದಣಿ ಬೇಕು. ಏಜೆಂಟ್ ಮಾರುತ್ತಿದ್ದದ್ದು ಬರೀ ಮಾತು ಎಂದು ಗೊತ್ತಾಯಿತು. ಉಪ್ಪನಿಗೆ ಬರೆದು ತೋರಿಸಿದೆ. ಅವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಜಾಗದ ಪತ್ರ ಕಪಾಟಿಗೆ ವಾಪಸ್ ಹೋಯಿತು.

ತಂಗಿ ಇನ್ನೊಂದು ವರ್ಷ ಕೇಳಿದಳು. ಒಂದೇ ವರ್ಷ, ಆಗಲೂ ಎಂಬಿಬಿಎಸ್ ಸಿಗದಿದ್ದರೆ ಬಿಎಎಂಎಸ್ ಎಂದು ಒಪ್ಪಂದವಾಯಿತು. ಅವಳ ಕೆಲಸ ಓದುವುದು, ನನ್ನ ಕೆಲಸ ಕಾಗದಪತ್ರ. ಡೊಮಿಸೈಲ್, ಆದಾಯ, ಇಡಬ್ಲ್ಯೂಎಸ್ ಪ್ರಮಾಣಪತ್ರಗಳಿಗಾಗಿ ತಹಶೀಲ್ದಾರ್ ಕಚೇರಿಗೆ ಎಷ್ಟು ಸಲ ಅಲೆದೆನೋ ಲೆಕ್ಕವಿಲ್ಲ. ಅವಳು ಹತ್ತನೆಯದನ್ನೂ ಹನ್ನೆರಡನೆಯದನ್ನೂ ಮಹಾರಾಷ್ಟ್ರದಲ್ಲೇ ಮುಗಿಸಿದ್ದರಿಂದ ಅಲ್ಲಿನ ಕೋಟಾಕ್ಕೆ ಅರ್ಹಳು.

2025ರ ಪ್ರಶ್ನೆಪತ್ರಿಕೆ ಕಠಿಣವಾಗಿತ್ತು. ದೇಶಕ್ಕೆ ಮೊದಲು ಬಂದವರಿಗೇ 686. ತಂಗಿಗೆ ಬಂದದ್ದು 468. ಹೋದ ಸಲಕ್ಕಿಂತ 29 ಅಂಕ ಕಡಿಮೆಯೆಂದು ಉಮ್ಮ ಊಟ ಬಿಟ್ಟರು. ರ‍್ಯಾಂಕ್ ನೋಡಿದರೆ ಹೋದ ವರ್ಷದ ಸುಮಾರು ಅರ್ಧಕ್ಕೆ ಇಳಿದಿತ್ತು! ಕೊನೆಯ ಸುತ್ತುಗಳಲ್ಲಿ ಒಂದು ಖಾಸಗಿ ಕಾಲೇಜಿನಲ್ಲಿ ಎಂಬಿಬಿಎಸ್ ಸಿಕ್ಕಿತು, ಅಲ್‌ಹಮ್ದುಲಿಲ್ಲಾಹ್. ಎಂಟು ಲಕ್ಷದೊಳಗೆ ಆದಾಯವಿರುವ ಇಡಬ್ಲ್ಯೂಎಸ್, ಒಬಿಸಿ ಮನೆಗಳ ಹುಡುಗಿಯರಿಗೆ ಮಹಾರಾಷ್ಟ್ರ ಸರ್ಕಾರ 2024ರ ಜುಲೈನಿಂದ ಬೋಧನಾ ಶುಲ್ಕ ಪೂರ್ತಿ ಮನ್ನಾ ಮಾಡಿದೆ. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇದಿಲ್ಲ. ಹಾಸ್ಟೆಲ್, ಪುಸ್ತಕದ ಖರ್ಚು ನಮ್ಮದೇ. ಅದನ್ನು ಅಂಗಡಿ ತೂಗಿಸುತ್ತದೆ.

ಒಂದು ತಪ್ಪು ಮಾತ್ರ ನಮ್ಮದೇ. ಗಡಿನಾಡ ಕನ್ನಡಿಗರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲೂ ಬಾಗಿಲಿದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಜೊತೆ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಹೆಸರೂ ಆ ನಿಯಮದಲ್ಲಿವೆ. ನಮಗೆ ತಿಳಿಯುವಷ್ಟರಲ್ಲಿ ಅರ್ಜಿಯ ದಿನಾಂಕ ದಾಟಿತ್ತು. ಗಡಿಯಾಚೆ ಇರುವ ನಮ್ಮವರು ತಾಯ್ನುಡಿ, ಓದಿದ ವರ್ಷಗಳು, ಕನ್ನಡ ಪರೀಕ್ಷೆ, ಈ ಮೂರು ಷರತ್ತುಗಳನ್ನು ಆಯಾ ವರ್ಷದ ಕೈಪಿಡಿಯಲ್ಲಿ ಮೊದಲೇ ಓದಿಕೊಳ್ಳಿ.

ಸಾಧಾರಣ ಅಂಕದ ಮಕ್ಕಳಿಗೆ ದಾರಿ ಇಲ್ಲವೆಂದಲ್ಲ, ಆದರೆ ಅದು ಇಕ್ಕಟ್ಟಿನ ದಾರಿ. ಕಾಗದಪತ್ರ ಫಲಿತಾಂಶಕ್ಕೆ ಮೊದಲೇ ಕೈಯಲ್ಲಿರಲಿ. ಜಾಗದ ಪತ್ರ ಕಪಾಟಿನಲ್ಲೇ ಇರಲಿ.